ಬೇರಿನ ಬಳಿಯ ಕಾವಲುಗಾರರು

ಎಲೆಯನ್ನು ನೋಡಿ ಗಿಡದ ಸುಖದುಃಖಗಳನ್ನು ಹೇಳುವವರು ಬಹಳ ಮಂದಿ. ಬೇರನ್ನು ನೋಡಿ ಹೇಳುವವರು ವಿರಳ. ಬೇರು ಕಣ್ಣಿಗೆ ಮರೆಯಾದ ವಸ್ತು. ಮರೆಯಾದುದರ ವಿಷಯದಲ್ಲಿ ಮನುಷ್ಯನಿಗೆ ಸಹಜವಾಗಿಯೇ ಅನಾದರ. ಆದರೆ ಒಕ್ಕಲುತನದ ಲಾಭನಷ್ಟಗಳಲ್ಲಿ ಎಷ್ಟೋ ಸಂಗತಿಗಳು ನಿರ್ಣಯವಾಗುವುದು ಆ ಮರೆಯಲ್ಲಿಯೇ. ತೊಗರಿಯ ನೆಟೆರೋಗವನ್ನು ಕಂಡವರಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾದ ಅವಶ್ಯಕತೆಯಿಲ್ಲ.

ಕಲಬುರಗಿ ಜಿಲ್ಲೆಯನ್ನು ತೊಗರಿಯ ಕಣಜವೆಂದು ಕರೆಯುವುದು ವಾಡಿಕೆ. ಅಲ್ಲಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಆ ಜಿಲ್ಲೆಯ ಚಿತ್ತಾಪುರ ಸೀಮೆಯ ಒಂದು ಹಳ್ಳಿಯಲ್ಲಿ, ಕಾರ್ತಿಕ ಮಾಸದ ಒಂದು ಮುಂಜಾನೆ, ವೃದ್ಧ ರೈತನೊಬ್ಬನು ಪ್ರೌಢಶಾಲೆಯಲ್ಲಿ ಓದುತ್ತಿದ್ದ ಮೊಮ್ಮಗನನ್ನು ಕರೆದುಕೊಂಡು ಹೊಲಕ್ಕೆ ಹೋದನು. ತೊಗರಿ ಹೂವಾಡುವ ಕಾಲ. ಹೊಲದ ತುಂಬ ಹಳದಿಯ ಬೆಳಗು. ಅದರ ನಡುನಡುವೆ ಅಲ್ಲೊಂದು ಇಲ್ಲೊಂದು ಗಿಡ ತಲೆ ಬಾಗಿಸಿ ನಿಂತಿತ್ತು. ಹತ್ತಿರ ಹೋಗಿ ನೋಡಿದರೆ ಅಲ್ಲೊಂದು ಇಲ್ಲೊಂದಲ್ಲ, ಗುಂಪುಗುಂಪಾಗಿಯೇ ಬಾಡಿದ್ದವು.

“ಮುತ್ಯಾ, ಮೊನ್ನೆ ಹಸುರಿದ್ದ ಗಿಡ ಇವತ್ತು ಯಾಕ ಬಾಡ್ಯಾವ? ನೆಲದಾಗ ಹಸಿ ಅದಲ್ಲ?” ಎಂದು ಹುಡುಗ ಕೇಳಿದನು.

ಮುತ್ಯಾ ಮಾತನಾಡದೆ ಒಂದು ಗಿಡವನ್ನು ಕಿತ್ತು, ಕುಡಗೋಲಿನಿಂದ ಅದರ ಕಾಂಡವನ್ನು ಉದ್ದಕ್ಕೆ ಸೀಳಿದನು. ಬೆಳ್ಳಗಿರಬೇಕಾದ ಒಳಗಿನ ಕಟ್ಟಿಗೆಯಲ್ಲಿ ಕಪ್ಪು ಗೆರೆಗಳು ಬುಡದಿಂದ ಮೇಲಕ್ಕೆ ಹರಿದಿದ್ದವು.

“ಹಸಿ ಅದ ತಮ್ಮಾ. ಮ್ಯಾಲ ಏರಿ ಬರ್ಲಿಕ್ಕ ಹಾದಿ ಇಲ್ಲ. ಇದು ಇವತ್ತಿನ ಬ್ಯಾನಿ ಅಲ್ಲ; ಗಿಡ ಸಣ್ಣದಿದ್ದಾಗೇ ಒಳಗ ಹೊಕ್ಕಾದ.”

“ಎಣ್ಣಿ ಹೊಡದ್ರ ಹೋಗಂಗಿಲ್ಲೇನು?”

“ಮ್ಯಾಲ ಹೊಡದ ಎಣ್ಣಿ ತಳಗಿನ ಬ್ಯಾನಿಗಿ ಹ್ಯಾಂಗ ಮುಟ್ಟತದ?”

ಶಾಸ್ತ್ರವನ್ನು ಓದದ ಆ ವೃದ್ಧನ ಎರಡು ಮಾತುಗಳಲ್ಲಿ ಶಾಸ್ತ್ರದ ಸಾರವೇ ಅಡಗಿತ್ತು. ನೆಟೆರೋಗವನ್ನು ತರುವುದು ಫ್ಯುಸೇರಿಯಂ ಉಡಂ ಎಂಬ ಶಿಲೀಂಧ್ರ. ಬೂಷ್ಟಿನ ಜಾತಿಗೆ ಸೇರಿದ ಜೀವಿ. ಪೂಸಾದ ಕೃಷಿ ಸಂಶೋಧನ ಸಂಸ್ಥೆಯಲ್ಲಿದ್ದ ಇ. ಜೆ. ಬಟ್ಲರ್ ಅವರು ಬಿಹಾರ ಸೀಮೆಯ ತೊಗರಿಯಲ್ಲಿ ಈ ರೋಗವನ್ನು 1906ರಲ್ಲಿಯೇ ಗುರುತಿಸಿ, 1910ರಲ್ಲಿ ಅದರ ಕಾರಣವಾದ ಶಿಲೀಂಧ್ರವನ್ನು ವರ್ಣಿಸಿದರು. ಅದು ಎಳೆಯ ಬೇರುಗಳ ಮೂಲಕ ಗಿಡದೊಳಗೆ ಪ್ರವೇಶಿಸಿ, ನೀರನ್ನು ಮೇಲಕ್ಕೊಯ್ಯುವ ನಾಳಗಳಲ್ಲಿ ನೆಲೆಸುತ್ತದೆ. ನಾಳಗಳು ಕಟ್ಟಿಕೊಳ್ಳುತ್ತವೆ. ಮಳೆಗಾಲದಲ್ಲಿ ಗಿಡ ಹೇಗೋ ಕಾಲ ತಳ್ಳುತ್ತದೆ. ಹೂವು ಕಾಯಿಗಳ ಭಾರ ಬಿದ್ದು ನೀರಿನ ಅವಶ್ಯಕತೆ ಹೆಚ್ಚಿದಾಗ ಒಮ್ಮೆಲೆ ಸೋಲುತ್ತದೆ. ಬಿತ್ತನೆ, ಕಳೆ, ಎಡೆ ಎಂದು ಮಾಡಬೇಕಾದ ವೆಚ್ಚವನ್ನೆಲ್ಲ ಮಾಡಿ ಮುಗಿಸಿ, ಫಲವನ್ನು ನಿರೀಕ್ಷಿಸುವ ಹೊತ್ತಿನಲ್ಲಿ ಬಂದೊದಗುವ ಮರಣವಿದು. ಸತ್ತ ಗಿಡದ ಕೂಳೆಯಲ್ಲಿ, ನೆಲದಲ್ಲಿ, ಆ ಶಿಲೀಂಧ್ರ ಎರಡು ಮೂರು ವರ್ಷ ಬದುಕಿರಬಲ್ಲದು. ಮರುವರ್ಷ ಮತ್ತೆ ತೊಗರಿಯನ್ನೇ ಬಿತ್ತಿದರೆ ಹಸಿದವನ ಮುಂದೆ ಎಡೆ ಬಡಿಸಿದಂತೆ.

ಆ ಹೊಲದಲ್ಲಿ ಆದದ್ದೂ ಅದೇ. ಬೆಲೆ ಚೆನ್ನಾಗಿದ್ದ ಕಾರಣ ನಾಲ್ಕು ವರ್ಷ ಎಡೆಬಿಡದೆ ತೊಗರಿ ಬಿತ್ತಿದ್ದರು. ಮೊದಲ ವರ್ಷ ಎಣಿಸುವಷ್ಟು ಗಿಡಗಳು ಒಣಗಿದವು. ನಾಲ್ಕನೆಯ ವರ್ಷ ಎಣಿಕೆಗೆ ಸಿಗದಷ್ಟು. ಸೊಸೈಟಿಯ ಸಾಲ ತೀರಬೇಕಾದದ್ದು, ಹುಡುಗನ ಮುಂದಿನ ಓದು ನಡೆಯಬೇಕಾದದ್ದು ಆ ಬೆಳೆಯಿಂದಲೇ. ಮುತ್ಯಾನ ಚಿಂತೆ ಮಾತ್ರ ಇದಕ್ಕಿಂತ ಆಳವಾದುದು. ತನ್ನ ತಂದೆಯಿಂದ ತನಗೆ ಬಂದ ನೆಲ ಬೆಳೆಯುವ ನೆಲವಾಗಿತ್ತು. ತಾನು ಮೊಮ್ಮಗನ ಕೈಗೆ ಕೊಡುವ ನೆಲ ಬೆಳೆಯನ್ನು ಕೊಲ್ಲುವ ನೆಲವಾಗಬಾರದು.

ಮೇಲೆ ಹೊಡೆದ ಔಷಧಿ ಕೆಳಗೆ ಮುಟ್ಟದು. ಹೊಲದ ಮಣ್ಣನ್ನೆಲ್ಲ ಔಷಧಿಯಿಂದ ತೋಯಿಸುವುದು ಒಣಬೇಸಾಯದ ರೈತನ ಶಕ್ತಿಗೆ ಮೀರಿದ ಮಾತು. ಹಾಗಿದ್ದರೆ ನೆಲದೊಳಗಿನ ವೈರಿಯನ್ನು ನೆಲದೊಳಗೇ ಎದುರಿಸುವವರು ಯಾರು?

ಇದಕ್ಕೆ ಉತ್ತರ ನೆಲದಲ್ಲಿಯೇ ಇದೆ. ಗಿಡವು ಬಿಸಿಲಿನಿಂದ ಸಂಪಾದಿಸಿದ ಸಕ್ಕರೆಯ ಒಂದು ಪಾಲನ್ನು ಬೇರಿನ ಮೂಲಕ ಮಣ್ಣಿಗೆ ಒಸರಿಸುತ್ತದೆ. ಆ ಒಸರನ್ನು ಉಣ್ಣಲು ಬೇರಿನ ಸುತ್ತ ಅಸಂಖ್ಯ ಸೂಕ್ಷ್ಮಜೀವಿಗಳು ನೆರೆಯುತ್ತವೆ. ಬೇರನ್ನು ಅಪ್ಪಿಕೊಂಡ ಈ ತೆಳುಮಣ್ಣಿನ ಆವರಣವು ಉಳಿದ ಮಣ್ಣಿನಂತಲ್ಲವೆಂಬುದನ್ನು ಮನಗಂಡು, ಜರ್ಮನಿಯ ಲೊರೆಂಟ್ಸ್ ಹಿಲ್ಟ್ನರ್ ಎಂಬ ವಿಜ್ಞಾನಿ 1904ರಲ್ಲಿ ಅದಕ್ಕೆ ‘ರೈಜೋಸ್ಫಿಯರ್’ ಎಂಬ ಹೆಸರಿಟ್ಟರು. ಕನ್ನಡದಲ್ಲಿ ಬೇರುವಲಯ ಎನ್ನಬಹುದು. ಈ ವಲಯದಲ್ಲಿ ಉಂಡು ಹೋಗುವ ಅತಿಥಿಗಳೂ ಇದ್ದಾರೆ. ಉಂಡ ಮನೆಗೆ ಕನ್ನ ಹಾಕುವವರೂ ಇದ್ದಾರೆ. ಉಂಡ ಋಣಕ್ಕೆ ಬಾಗಿಲು ಕಾಯುವವರೂ ಇದ್ದಾರೆ. ಈ ಮೂರನೆಯ ವರ್ಗದ ಬ್ಯಾಕ್ಟೀರಿಯಾಗಳ ಕಥೆಯೇ ಇಲ್ಲಿ ಪ್ರಕೃತ.

ಅವುಗಳ ಸಾಮರ್ಥ್ಯಕ್ಕೆ ಬಹು ಸ್ಪಷ್ಟವಾದ ಸಾಕ್ಷ್ಯ ದೊರೆತದ್ದು ತೊಗರಿಯಿಂದಲ್ಲ, ದೂರದೇಶದ ಗೋದಿಯಿಂದ. ಗೋದಿಯ ಬೇರನ್ನು ಕೊಳೆಯಿಸುವ ಒಂದು ಶಿಲೀಂಧ್ರರೋಗಕ್ಕೆ ಆಸ್ಟ್ರೇಲಿಯಾದ ರೈತರು ‘ಟೇಕ್-ಆಲ್’ ಎಂದು ಹೆಸರಿಟ್ಟಿದ್ದರು. ಎಲ್ಲವನ್ನೂ ಒಯ್ಯುವುದು ಎಂದು ಅದರ ಅರ್ಥ. ಪಂಡಿತರ ಮಾತಿನಲ್ಲಿ ಸರ್ವಾಪಹಾರಿ. ಈ ರೋಗದಲ್ಲೊಂದು ವಿಚಿತ್ರವಿತ್ತು. ಒಂದೇ ಹೊಲದಲ್ಲಿ ವರ್ಷವರ್ಷವೂ ಗೋದಿಯನ್ನೇ ಬೆಳೆದರೆ ಮೊದಲ ಕೆಲವು ವರ್ಷ ರೋಗ ಏರುತ್ತಿತ್ತು. ಒಮ್ಮೆ ಅತಿಯಾಗಿ ಕಾಡುತ್ತಿತ್ತು. ಆಮೇಲೆ, ಯಾರೂ ಏನೂ ಮಾಡದೆಯೇ, ತಾನಾಗಿ ಇಳಿಯುತ್ತಿತ್ತು. ರೋಗದ ಬೀಜ ಮಣ್ಣಿನಲ್ಲಿ ಇದ್ದೇ ಇತ್ತು. ಬೆಳೆಯನ್ನು ಕೆಡಿಸುವ ಶಕ್ತಿ ಮಾತ್ರ ಅದಕ್ಕೆ ಉಳಿಯುತ್ತಿರಲಿಲ್ಲ.

ಅಮೆರಿಕದ ವಾಷಿಂಗ್ಟನ್ ಸಂಸ್ಥಾನದಲ್ಲಿ ಪುಲ್ಮನ್ ಎಂಬ ಊರಿದೆ. ಅಲ್ಲಿ 1965ರಿಂದ ಸರಕಾರಿ ಕೃಷಿ ವಿಜ್ಞಾನಿಯಾಗಿದ್ದ ಆರ್. ಜೇಮ್ಸ್ ಕುಕ್ ಅವರು ಈ ವಿಚಿತ್ರದ ಬೆನ್ನು ಹತ್ತಿದರು. ಬಹುಕಾಲ ಗೋದಿ ಬೆಳೆದು ರೋಗವನ್ನು ಗೆದ್ದ ಕ್ವಿನ್ಸಿ ಎಂಬಲ್ಲಿಯ ಹೊಲದ ಮಣ್ಣನ್ನು ಅತ್ಯಲ್ಪ ಪ್ರಮಾಣದಲ್ಲಿ ತಂದು, ವಿಷಧೂಮದಿಂದ ನಿರ್ಜೀವಗೊಳಿಸಿದ ಬೇರೆ ನೆಲದಲ್ಲಿ ಬೆರೆಸಿ, ರೋಗದ ಶಿಲೀಂಧ್ರವನ್ನೂ ಸೇರಿಸಿ ಗೋದಿ ಬಿತ್ತಿದರು. ಹಳೆಯ ಹೊಲದ ರಕ್ಷಣಾಶಕ್ತಿ ಹೊಸ ನೆಲಕ್ಕೂ ಬಂದಿತು! ಕುಕ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು 1973ರಲ್ಲಿ ಪ್ರಕಟಿಸಿದರು. ಕುಂಡಗಳ ಪ್ರಯೋಗಗಳಲ್ಲಿ ನೂರು ಪಾಲು ಮಣ್ಣಿಗೆ ಒಂದರಿಂದ ಹತ್ತು ಪಾಲು ಇಂಥ ಮಣ್ಣು ಬೆರೆತರೂ ಸಾಕಾಗುತ್ತಿತ್ತು. ಆದರೆ ಅದೇ ಮಣ್ಣನ್ನು ಹಸಿಯಾಗಿ 60 ಡಿಗ್ರಿ ಶಾಖದಲ್ಲಿ ಅರ್ಧ ತಾಸು ಇಟ್ಟರೆ ಆ ಶಕ್ತಿ ನಾಶವಾಗುತ್ತಿತ್ತು. ಹಾಲಿಗೆ ಹೆಪ್ಪು ಹಾಕುವ ಮನೆಯ ಹೆಣ್ಣುಮಗಳಿಗೆ ಇದರ ಮರ್ಮ ಕೂಡಲೆ ತಿಳಿಯುತ್ತದೆ. ಸ್ವಲ್ಪದರಿಂದ ಬಹಳವಾಗುವುದು, ಕಾಯಿಸಿದರೆ ಸಾಯುವುದು: ಇವೆರಡೂ ಜೀವದ ಲಕ್ಷಣಗಳು. ಮಣ್ಣನ್ನು ಕಾಯುತ್ತಿದ್ದದ್ದು ಯಾವುದೋ ಲವಣವಲ್ಲ, ಜೀವಿ.

ಆ ಜೀವಿ ಯಾವುದೆಂಬ ಶೋಧವೂ ಮುಂದುವರಿಯಿತು. ಇಂಥ ನೆಲಗಳ ಗೋದಿಯ ಬೇರಿನಿಂದ ಸೂಡೋಮೋನಸ್ ಫ್ಲೋರೆಸೆನ್ಸ್ ಎಂಬ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ, ಅದನ್ನು ಗೋದಿಯ ಬೀಜಕ್ಕೆ ಲೇಪಿಸಿ ಬಿತ್ತಿದರೆ ರೋಗ ಕಡಿಮೆಯಾಗುವುದೆಂದು ಡೇವಿಡ್ ವೆಲ್ಲರ್ ಮತ್ತು ಕುಕ್ ಅವರು 1983ರಲ್ಲಿ ತೋರಿಸಿದರು. ನೇರಳಾತೀತ ಬೆಳಕಿನಲ್ಲಿ ಹಳದಿ ಹಸುರಾಗಿ ಹೊಳೆಯುವ ವರ್ಣದ್ರವ್ಯವನ್ನು ಸ್ರವಿಸುವುದರಿಂದ ಅದಕ್ಕೆ ಆ ಹೆಸರು ಬಂದಿದೆ. ಪರದೇಶದ ಅಪರೂಪದ ಜೀವಿಯೇನೂ ಅಲ್ಲ. ಕನ್ನಡ ನಾಡಿನ ಹೊಲಗಳಲ್ಲಿಯೂ ಈ ಕುಲದವು ವಾಸವಾಗಿವೆ. ಈ ಕ್ಷೇತ್ರದಲ್ಲಿ ಒಂದು ಜೀವಮಾನವನ್ನೇ ಸವೆಸಿದ ಕುಕ್ ಅವರಿಗೆ 2011ರಲ್ಲಿ ಕೃಷಿಯ ವುಲ್ಫ್ ಪ್ರಶಸ್ತಿಯ ಪಾಲು ದೊರೆಯಿತು.

ಕಣ್ಣಿಗೆ ಕಾಣದಷ್ಟು ಕಿರಿದಾದ ಈ ಜೀವಿ ಶಿಲೀಂಧ್ರವನ್ನು ತಡೆಯುವ ಬಗೆ ಹೇಗೆ? ಒಂದಲ್ಲ, ನಾಲ್ಕು ಬಗೆ.

ಮೊದಲನೆಯದು ಸ್ಥಳವನ್ನು ಹಿಡಿಯುವುದು. ಬೇರಿನ ಮೇಲೆ ಒಸರು ಹೆಚ್ಚಾಗಿ ದೊರೆಯುವ ಎಡೆಗಳಲ್ಲಿ ಮೊದಲು ಬಂದು ಕುಳಿತವನು ತಡವಾಗಿ ಬಂದವನಿಗೆ ಜಾಗವನ್ನೂ ಕೂಳನ್ನೂ ಬಿಡುವುದಿಲ್ಲ. ಬೀಜಕ್ಕೇ ಬ್ಯಾಕ್ಟೀರಿಯಾವನ್ನು ಲೇಪಿಸುವುದರ ಉದ್ದೇಶವಿದು: ಮೊಳಕೆಯೊಡೆಯುವ ಮೊದಲ ಬೇರಿಗೆ ಮೊದಲ ನೆಂಟ ಮಿತ್ರನೇ ಆಗಿರಲಿ ಎಂದು.

ಎರಡನೆಯದು ಕಬ್ಬಿಣದ ಮೇಲಿನ ಒಡೆತನ. ಬ್ಯಾಕ್ಟೀರಿಯಾಕ್ಕೂ ಶಿಲೀಂಧ್ರಕ್ಕೂ ಬದುಕಲು ಕಬ್ಬಿಣಾಂಶ ಬೇಕು. ಸುಣ್ಣದ ಅಂಶವುಳ್ಳ ಮಣ್ಣಿನಲ್ಲಿ ಅದು ನೀರಿನಲ್ಲಿ ಕರಗಿ ದೊರೆಯುವುದು ಬಹಳ ಕಡಿಮೆ. ಸೂಡೋಮೋನಸ್ ತಾನು ಸ್ರವಿಸುವ ಆ ಹೊಳೆಯುವ ದ್ರವ್ಯದಿಂದಲೇ ಕಬ್ಬಿಣವನ್ನು ಬಿಗಿಯಾಗಿ ಕಟ್ಟಿ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಕ್ಲೋಪ್ಪರ್ ಮತ್ತು ಶ್ರಾತ್ ಮೊದಲಾದವರು 1980ರಲ್ಲಿ ಈ ರಹಸ್ಯವನ್ನು ಬಯಲಿಗೆ ತಂದರು.

ಮೂರನೆಯದು ಅಸ್ತ್ರಪ್ರಯೋಗ. ಕೆಲವು ಸೂಡೋಮೋನಸ್‌ಗಳು ಶಿಲೀಂಧ್ರಕ್ಕೆ ವಿಷವಾದ ಪ್ರತಿಜೀವಕಗಳನ್ನು ತಯಾರಿಸುತ್ತವೆ. ಫಿನಜೀನ್ ಎಂಬುದು ಅವುಗಳಲ್ಲೊಂದು. ಅದನ್ನು ತಯಾರಿಸುವ ಶಕ್ತಿಯನ್ನು ಬ್ಯಾಕ್ಟೀರಿಯಾದಿಂದ ಕಿತ್ತುಹಾಕಿ ಪರೀಕ್ಷಿಸಿದಾಗ ಗೋದಿಗೆ ದೊರೆಯುತ್ತಿದ್ದ ರಕ್ಷಣೆ ಬಹುಮಟ್ಟಿಗೆ ಕುಗ್ಗಿತೆಂದು ಲಿಂಡಾ ಟೊಮಾಶೋ ಮತ್ತು ವೆಲ್ಲರ್ 1988ರಲ್ಲಿ ತೋರಿಸಿಕೊಟ್ಟರು.

ನಾಲ್ಕನೆಯದು ಎಲ್ಲಕ್ಕಿಂತ ಸೋಜಿಗವಾದುದು. 1991ರಲ್ಲಿ ನೆದರ್‌ಲ್ಯಾಂಡಿನ ವಿಜ್ಞಾನಿಗಳು ಕಾರ್ನೇಷನ್ ಹೂವಿನ ಗಿಡದ ಬೇರಿಗೆ ಸೂಡೋಮೋನಸ್‌ಅನ್ನು ಹಾಕಿ, ಆಮೇಲೆ ನೆಟೆರೋಗದ ಶಿಲೀಂಧ್ರವನ್ನು ಬೇರಿಗಲ್ಲದೆ ಕಾಂಡಕ್ಕೆ ಸೇರಿಸಿದರು. ಮಿತ್ರನು ಬೇರಿನಲ್ಲಿ, ಶತ್ರುವು ಕಾಂಡದಲ್ಲಿ. ಇಬ್ಬರೂ ಪರಸ್ಪರ ಮುಖ ನೋಡುವಂತಿಲ್ಲ. ಆದರೂ ರೋಗ ಕಡಿಮೆಯಾಯಿತು! ಬೇರಿನ ಬಳಿಯ ಬ್ಯಾಕ್ಟೀರಿಯಾ ಗಿಡವನ್ನೇ ಎಚ್ಚರಿಸಿತ್ತು. ಗಿಡ ತನ್ನ ರಕ್ಷಣೆಯನ್ನು ತಾನೇ ಸಿದ್ಧಮಾಡಿಕೊಂಡಿತ್ತು. ಶಿಷ್ಯನ ಪರವಾಗಿ ಪರೀಕ್ಷೆ ಬರೆಯುವವನು ಗುರುವಲ್ಲ. ಶಿಷ್ಯನೊಳಗಿನ ಶಕ್ತಿಯನ್ನು ಎಬ್ಬಿಸುವವನು ಗುರು. ಉಪಾಧ್ಯಾಯ ವೃತ್ತಿಯವರಿಗೆ ಈ ಬ್ಯಾಕ್ಟೀರಿಯಾದ ನಡತೆ ಅಪರಿಚಿತವೆನಿಸದು.

ಆ ಕಾರ್ನೇಷನ್ ಗಿಡಕ್ಕೆ ಹಾಕಿದ ರೋಗದ ಶಿಲೀಂಧ್ರವೂ ಫ್ಯುಸೇರಿಯಂ ಕುಲದ್ದೇ, ತೊಗರಿಯ ವೈರಿಯ ದಾಯಾದಿ. ಹೀಗಿರಲಾಗಿ ತೊಗರಿಗೂ ಈ ಉಪಾಯ ಸಲ್ಲುವುದೆಂದು ಭಾವಿಸಿದವರಲ್ಲಿ ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಪಿ. ವಿದ್ಯಾಶೇಖರನ್ ಅವರು ಪ್ರಮುಖರು. ಪ್ರಯೋಗಶಾಲೆಯ ಗಾಜಿನ ಬಟ್ಟಲಲ್ಲಿ ಬೆಳೆದ ಜೀವಿಯನ್ನು ರೈತನ ಮನೆಗೆ ಮುಟ್ಟಿಸುವುದು ಹೇಗೆ ಎಂಬುದು ಆಗಿನ ತೊಡಕು. ಅವರೂ ಅವರ ಸಂಗಡಿಗರೂ ಬ್ಯಾಕ್ಟೀರಿಯಾವನ್ನು ಟಾಲ್ಕ್ ಎಂಬ ನುಣುಪಾದ ಖನಿಜದ ಪುಡಿಯಲ್ಲಿ ಬೆರೆಸಿ, ತಿಂಗಳುಗಟ್ಟಲೆ ಜೀವಂತವಾಗಿ ಇಡುವ ಕ್ರಮವನ್ನು ರೂಪಿಸಿದರು. ಕಡಲೆಯ ನೆಟೆಗೆ ಅದನ್ನು ಬಳಸಿದ ಫಲವನ್ನು 1995ರಲ್ಲಿಯೂ, ತೊಗರಿಯ ನೆಟೆಗೆ ಬಳಸಿದ ಫಲವನ್ನು 1997ರಲ್ಲಿಯೂ ಪ್ರಕಟಿಸಿದರು. ಇಂದು ಸೂಡೋಮೋನಸ್ ಎಂಬ ಹೆಸರಿನಲ್ಲಿ ಪೊಟ್ಟಣಗಳಲ್ಲಿ ದೊರೆಯುವ ಬಿಳಿಯ ಪುಡಿ ಆ ಪರಂಪರೆಯದು.

ಅಂಥ ಪೊಟ್ಟಣವೊಂದನ್ನು ಹುಡುಗನು ಮರುವರ್ಷ ಮಿರಗಾ ಮಳೆಗೆ ಮುಂಚೆ ಮನೆಗೆ ತಂದನು. ಶಾಲೆಯಲ್ಲಿ ವಿಜ್ಞಾನದ ಗುರುಗಳು ಬೇರುವಲಯದ ಪಾಠವನ್ನು ಹೇಳಿದ್ದರು. ಮುತ್ಯಾ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿ, “ಇದು ಬರೇ ಬಿಳೇ ಮಣ್ಣು ಕಾಣ್ತದ” ಎಂದನು. ಹುಡುಗನು, “ಇದರಾಗ ಜೀವ ಅದಾವ ಮುತ್ಯಾ, ಬಿಸಿಲಿಗಿ ಇಡಬ್ಯಾಡ” ಎಂದನು. ವೃದ್ಧನು ಸ್ವಲ್ಪ ಹೊತ್ತು ಸುಮ್ಮನಿದ್ದು, ಪೊಟ್ಟಣವನ್ನು ಎತ್ತಿ ನೀರಿನ ಕೊಡಗಳಿದ್ದ ತಣ್ಣನೆಯ ಮೂಲೆಯಲ್ಲಿರಿಸಿದನು. ಜೀವವೆಂಬ ಒಂದು ಮಾತು ಅವನಿಗೆ ಸಾಕಾಗಿತ್ತು.

ಈ ವಿದ್ಯೆಯ ಹೆಚ್ಚಿನ ಸೋಲುಗಳಿಗೆ ಆ ಒಂದು ಮಾತನ್ನು ಮರೆಯುವುದೇ ಕಾರಣ. ಸೂಡೋಮೋನಸ್ ಗಟ್ಟಿ ಕವಚದ ಬೀಜಾಣುವನ್ನು ಕಟ್ಟಿಕೊಳ್ಳಲಾರದ ಜೀವಿ. ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾಗಳು ಹಾಗೆ ಕಟ್ಟಿಕೊಂಡು ಕಷ್ಟಕಾಲವನ್ನು ಕಳೆಯಬಲ್ಲವು. ಇದಕ್ಕೆ ಆ ಭಾಗ್ಯವಿಲ್ಲ. ಬಿಸಿಲಿನಲ್ಲಿಟ್ಟರೆ, ಅವಧಿ ಮೀರಿದರೆ, ತಾಮ್ರದ ಔಷಧಿಯೊಡನೆಯೋ ಬ್ಯಾಕ್ಟೀರಿಯಾನಾಶಕಗಳೊಡನೆಯೋ ಕಲಸಿದರೆ ಪೊಟ್ಟಣದಲ್ಲಿ ಉಳಿಯುವುದು ಬರಿಯ ಟಾಲ್ಕ್ ಪುಡಿ. ಸತ್ತ ಕಾವಲುಗಾರನನ್ನು ಬಾಗಿಲಲ್ಲಿ ನಿಲ್ಲಿಸಿ ಕಳ್ಳತನವಾಯಿತೆಂದು ಕಾವಲನ್ನೇ ದೂರುವುದು ನ್ಯಾಯವಲ್ಲ.

ವಿಧಾನ ಸರಳವಾದುದು. ಒಂದು ಕಿಲೋ ಬೀಜಕ್ಕೆ 10 ಗ್ರಾಂ ಪುಡಿ. ಬೀಜಕ್ಕೆ ಅಂಟುವಂತೆ ತಣ್ಣಗಾದ ಅಕ್ಕಿಗಂಜಿಯ ತಿಳಿಯನ್ನು ಚಿಮುಕಿಸಿ, ಪುಡಿ ಬೆರೆಸಿ, ನೆರಳಿನಲ್ಲಿ ಆರಿಸಿ ಬೇಗನೆ ಬಿತ್ತುವುದು. ನೆಲಕ್ಕೆ ಕೊಡುವುದಾದರೆ ಎಕರೆಗೆ 1 ಕಿಲೋ ಪುಡಿಯನ್ನು ಚೆನ್ನಾಗಿ ಕಳಿತ 20 ಕಿಲೋ ತಿಪ್ಪೆಗೊಬ್ಬರದಲ್ಲಿ ಬೆರೆಸಿ, ಹಸಿಯಿರುವಾಗ ಹರಡುವುದು. ಇಷ್ಟು ಪುಡಿಯಿಂದ ಅಷ್ಟು ನೆಲಕ್ಕೆ ರಕ್ಷಣೆ ಹೇಗೆ ಸಾಧ್ಯ ಎಂದರೆ, ಜೀವಿಗಳು ಬೇರಿನೊಡನೆ ಬೆಳೆದು ಬಹುಸಂಖ್ಯೆಯಾಗಬೇಕು. ಗೋದಿಯ ರೋಗವನ್ನು ಗೆದ್ದ ನೆಲಗಳಲ್ಲಿ ಒಂದು ಗ್ರಾಂ ಬೇರಿಗೆ ಸುಮಾರು 1 ಲಕ್ಷ ರಕ್ಷಕ ಬ್ಯಾಕ್ಟೀರಿಯಾಗಳು ಇರಬೇಕಾಗುತ್ತದೆಂದು ರಾಯ್‌ಮಾಕರ್ಸ್ ಮತ್ತು ವೆಲ್ಲರ್ 1998ರಲ್ಲಿ ಕಂಡುಕೊಂಡರು. ಹಸಿ ಇಲ್ಲದ, ಗೊಬ್ಬರ ಕಾಣದ ನೆಲದಲ್ಲಿ ಆ ಸಂಖ್ಯೆ ಬೆಳೆಯುವ ಬಗೆಯೆಂತು?

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಗೋದಿಯ ಕಥೆಯನ್ನು ಕೇಳಿ, ತೊಗರಿಯನ್ನೂ ವರ್ಷವರ್ಷ ಬಿತ್ತುತ್ತ ಹೋದರೆ ನೆಟೆ ತಾನಾಗಿ ಇಳಿದೀತೆಂದು ಕಾಯುವುದು ಅವಿವೇಕ. ಆ ನೆಲ ಬೇರೆ, ಆ ರೋಗ ಬೇರೆ. ತೊಗರಿಯಲ್ಲಿ ಏಕಬೆಳೆಯಿಂದ ನೆಟೆ ಬಲಿಯುವುದೇ ಅನುಭವ. ಜೋಳವನ್ನು ಜೊತೆಯಲ್ಲಿಯೋ ಸರದಿಯಲ್ಲಿಯೋ ಬೆಳೆದರೆ ನೆಟೆ ತಗ್ಗುವುದೆಂದು ಹೈದರಾಬಾದಿನ ಬಳಿಯ ಪಟಂಚೇರುವಿನಲ್ಲಿ 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆಯ ಪ್ರಯೋಗಗಳು ತೋರಿಸಿವೆ. ನೆಟೆಯನ್ನು ತಡೆಯುವ ಮಾರುತಿ ಎಂಬ ತಳಿ ಅದೇ ಸಂಸ್ಥೆಯಿಂದ ಬಂದು 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾಯಿತು. ತಕ್ಕ ತಳಿ, ಜೋಳದ ಸರದಿ, ತಿಪ್ಪೆಗೊಬ್ಬರ, ಬೀಜೋಪಚಾರ: ಈ ನಾಲ್ಕೂ ಸೇರಿದರೆ ಬಂಡಿ ನಡೆಯುತ್ತದೆ. ಒಂದೇ ಗಾಲಿಯ ಮೇಲೆ ಬಂಡಿ ಹೊಡೆಯಬೇಕೆನ್ನುವವನಿಗೆ ಯಾವ ವಿಜ್ಞಾನವೂ ನೆರವಾಗದು.

ಮುತ್ಯಾ ಈ ನೀತಿಯನ್ನು ತನ್ನದೇ ರೀತಿಯಲ್ಲಿ ನಡೆಸಿದನು. ತೀರ ಕೆಟ್ಟಿದ್ದ ಒಂದು ತುಂಡು ಹೊಲವನ್ನು ಜೋಳಕ್ಕೆ ಬಿಟ್ಟನು. ಉಳಿದ ಹೊಲಕ್ಕೆ ತಿಪ್ಪೆ ಹೊಡೆಸಿ, ಉಪಚರಿಸಿದ ತೊಗರಿಯನ್ನು ಬಿತ್ತಿಸಿದನು. ಹುಡುಗನ ಒತ್ತಾಯಕ್ಕೆ ಆರು ಸಾಲುಗಳಲ್ಲಿ ಮಾತ್ರ ಉಪಚರಿಸದ ಬೀಜ ಬಿದ್ದಿತು. “ಆರು ಸಾಲು ಯಾಕ ಕೆಡಸ್ತೀ?” ಎಂದು ಮುತ್ಯಾ ಗೊಣಗಿದರೂ ಅಡ್ಡಿಮಾಡಲಿಲ್ಲ.

ಕಾರ್ತಿಕ ಮತ್ತೆ ಬಂದಿತು. ಅಜ್ಜ ಮೊಮ್ಮಗ ಇಬ್ಬರೂ ಸಾಲು ಹಿಡಿದು ಬಾಡಿದ ಗಿಡಗಳನ್ನು ಎಣಿಸಿದರು. ಆರು ಸಾಲುಗಳಲ್ಲಿ ಬಾಡಿದವು ಬಹಳ. ಉಳಿದ ಸಾಲುಗಳಲ್ಲಿ ಕಡಿಮೆ. ಕಡಿಮೆಯೇ ಹೊರತು ಇಲ್ಲವೆಂದಲ್ಲ. ಹುಡುಗನ ಮುಖ ಸ್ವಲ್ಪ ಕಳೆಗುಂದಿತು. ಒಂದೂ ಬಾಡಬಾರದೆಂಬುದು ಅವನ ಆಸೆಯಾಗಿತ್ತು.

ಮುತ್ಯಾ ನಕ್ಕು, “ನಾಲ್ಕು ವರ್ಷ ಕೆಡಿಸಿದ ನೆಲ ತಮ್ಮಾ, ಒಂದು ವರ್ಷದಾಗ ಹ್ಯಾಂಗ ಸುಧಾರಸ್ತದ? ಈಗ ಕಾಯೋರು ಬಂದಾರ. ಅವ್ರಿಗಿ ಕೂಳು ಹಾಕೋದು ನಮ್ಮ ಪಾಳಿ” ಎಂದನು. ಅಂದಿನ ಸಂಜೆಯೇ ಕೊಟ್ಟಿಗೆಯ ಸಗಣಿ ಮುಂದಿನ ವರ್ಷದ ತಿಪ್ಪೆಗೆ ಬಿದ್ದಿತು.

ಸಾಲ ಪೂರ್ಣವಾಗಿ ತೀರಲಿಲ್ಲ. ಅರ್ಧಕ್ಕಿಂತ ಮಿಗಿಲಾಗಿ ತೀರಿತು. ಹುಡುಗನ ಓದು ನಿಲ್ಲಲಿಲ್ಲ. ನೆಲದ ಮೇಲೆ ಕಂಡ ಫಲ ಇಷ್ಟು. ನೆಲದ ಕೆಳಗೆ, ಯಾರ ಕಣ್ಣಿಗೂ ಬೀಳದ ಎಡೆಯಲ್ಲಿ, ಬೇರಿನ ಒಂದೊಂದು ಎಳೆಯ ಸುತ್ತ ಲಕ್ಷಾಂತರ ಜೀವಿಗಳು ಹಗಲಿರುಳೂ ತಮ್ಮ ಕೆಲಸದಲ್ಲಿ ತೊಡಗಿದ್ದವು. ಹೆಸರನ್ನು ಬಯಸದ ಅಂಥ ಸೇವೆಯನ್ನು ಕಾಣಬಲ್ಲ ಕಣ್ಣು ರೈತನಿಗೆ ಅನುಭವದಿಂದಲೂ ವಿದ್ಯಾರ್ಥಿಗೆ ವಿದ್ಯೆಯಿಂದಲೂ ಬರಬೇಕು. ಇವೆರಡೂ ಒಂದೇ ಹೊಲದಲ್ಲಿ, ಒಂದೇ ಸಾಲನ್ನು ಹಿಡಿದು ನಡೆದಾಗ ನೆಲಕ್ಕೆ ಒಳ್ಳೆಯ ದಿನ ಬರುತ್ತದೆ.